ಅನ್ನ ಬಿಡುವುದೋ, ತುತ್ತು ಎಣಿಸುವುದೋ

ನನಗೆ ಲೆಕ್ಕ ಬರುವುದಿಲ್ಲ ಎಂದು ಈ ಊರಿನಲ್ಲಿ ಯಾರೂ ಹೇಳುವಂತಿಲ್ಲ. ಮೂವತ್ತೆರಡು ವರ್ಷದಿಂದ ಇಲ್ಲಿನ ಹೆಂಗಸರ ರವಿಕೆ ಹೊಲಿಯುತ್ತಿದ್ದೇನೆ. ಒಬ್ಬಳ ಮೈಗೆ ಒಮ್ಮೆ ಟೇಪು ಹಿಡಿದರೆ ಮುಂದಿನ ದೀಪಾವಳಿಯವರೆಗೂ ಆ ಅಳತೆ ಮರೆಯುವವಳಲ್ಲ. ಆದರೂ ಆ ಏಳು ವಾರ ನನ್ನ ತಲೆ ಕೆಟ್ಟು ಕೆರ ಹಿಡಿದು ಹೋಗಿತ್ತು. ಬೆಳಗ್ಗೆ ಎದ್ದರೆ ಅನ್ನ ಬಿಡಬೇಕೋ, ತಿಂದು ಎಣಿಸಬೇಕೋ ತಿಳಿಯದೆ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಡುತ್ತಿದ್ದೆ. ಈಗಲೂ ಯಾವುದು ಸರಿ ಎಂದು ಕೇಳಿದರೆ ಹೇಳಲು ಬರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ನಮ್ಮೂರಲ್ಲಿ ತಾಳಿ ಕಟ್ಟಿದ ಕೂಡಲೇ ಗಂಡುಹೆಣ್ಣನ್ನು ಒಟ್ಟಿಗೆ ದೊಡ್ಡ ತಕ್ಕಡಿಯ ಹಲಗೆಯ ಮೇಲೆ ನಿಲ್ಲಿಸುತ್ತಾರೆ. ಬಂದ ಮೊತ್ತವನ್ನು ಅವರ ಮನೆ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಬರೆಸುತ್ತಾರೆ. ಅಲ್ಲಿಂದ ಮುಂದೆ ಆ ಮೊತ್ತ ಹೆಚ್ಚುವುದಿಲ್ಲ, ಕಡಿಮೆಯಾಗುವುದೂ ಇಲ್ಲ. ಹೆಂಡತಿಯ ಮೈಯಿಂದ ಇಳಿದದ್ದು ಗಂಡನ ಮೈಗೆ ಹೋಗುತ್ತದೆ, ಗಂಡನಿಂದ ಇಳಿದದ್ದು ಹೆಂಡತಿಗೆ ಬರುತ್ತದೆ. ಹೊಟ್ಟೆಯಲ್ಲಿರುವ ಊಟ ಲೆಕ್ಕಕ್ಕಿಲ್ಲ, ಮೈಗೆ ಹತ್ತಿದ್ದು ಮಾತ್ರ ಲೆಕ್ಕ. ಬಸುರಿಯರ ವಿಷಯ ಬೇರೆ, ಅದು ಸೂಲಗಿತ್ತಿಯರಿಗೆ ಗೊತ್ತು. ಆದ್ದರಿಂದ ನಾನು ಮದುವೆಯಾಗದ ಹುಡುಗಿಯ ರವಿಕೆಗೆ ಒಳಗೆ ಅರ್ಧ ಇಂಚು ಬಟ್ಟೆ ಬಿಟ್ಟರೆ, ಮದುವೆಯಾದವಳಿಗೆ ಎರಡೂವರೆ ಇಂಚು ಬಿಡುತ್ತೇನೆ. ರವಿಕೆಯ ಹೊಲಿಗೆ ಬಿಚ್ಚಿಸಿಕೊಳ್ಳಲು ಬಂದವಳ ಕೈಯಲ್ಲಿ ಗಂಡನ ಅಂಗಿಯೂ ಇರುತ್ತದೆ. ಇದನ್ನು ಸಡಿಲ ಮಾಡಿದರೆ ಅದನ್ನು ಬಿಗಿ ಮಾಡಬೇಕು. ಯಾರ ಮನೆಯಲ್ಲಿ ಯಾರು ಕೊರಗುತ್ತಿದ್ದಾರೆ ಎಂಬುದು ಡಾಕ್ಟರಿಗಿಂತ ಮೊದಲು ನನಗೇ ತಿಳಿಯುತ್ತದೆ.

ಪಕ್ಕದ ಮನೆಯ ಸಿದ್ಧಮ್ಮನಿಗೆ ಸೆರಗಿನ ಅಂಚಿನೊಳಗೆ ಬೆಣಚುಕಲ್ಲು ಇಟ್ಟು ಹೊಲಿದುಕೊಡುವವಳೂ ನಾನೇ. ಅವಳ ಗಂಡ ತೊಂಬತ್ತನಾಲ್ಕು ಕೇಜಿ ಇದ್ದಾಗ ಹೋದ. ಹೋದವರ ಮೈಮೇಲೆ ಎಷ್ಟಿರುತ್ತದೋ ಅಷ್ಟೂ ಅವರ ಜೊತೆಗೇ ಹೋಗುತ್ತದೆ, ವಾಪಸು ಬರುವುದಿಲ್ಲ. ಸಿದ್ಧಮ್ಮನಿಗೆ ಉಳಿದದ್ದು ಇಪ್ಪತ್ತೊಂಬತ್ತು. ಆಷಾಢದ ಗಾಳಿಯಲ್ಲಿ ಅವಳು ಗೋಡೆ ಹಿಡಿದುಕೊಂಡೇ ನಲ್ಲಿಗೆ ಬರುತ್ತಾಳೆ.

ನಮ್ಮ ಬಾಗಿಲ ಮೇಲೆ ನೂರ ಹದಿನೆಂಟು ಎಂದಿದೆ. ಅದನ್ನು ಬರೆದವರು ನಮ್ಮವರೇ, ಕೆಂಪೀರಯ್ಯ. ಊರಿನ ಎಲ್ಲ ಬಾಗಿಲುಗಳ ಮೊತ್ತವನ್ನೂ, ಅರ್ಧಕ್ಕರ್ಧ ಅಂಗಡಿಗಳ ಬೋರ್ಡನ್ನೂ ಬರೆದ ಕೈ ಅದು. ಮದುವೆಯ ದಿನ ಅವರು ಅರವತ್ತೆರಡು, ನಾನು ಐವತ್ತಾರು. ಎರಡು ವರ್ಷದ ಹಿಂದೆ ಅವರ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಲು ಶುರುವಾಯಿತು. ಗಡ್ಡೆ ಬೆಳೆದಂತೆ ಮೈ ಕರಗಿತು. ಕರಗಿದ್ದೆಲ್ಲ ನನಗೆ ಬಂತು. ನಾನು ಒಪ್ಪೊತ್ತು ಉಂಡರೂ ಬಂತು, ಉಪವಾಸ ಇದ್ದರೂ ಬಂತು. ಅವರು ಮೂವತ್ತೇಳಕ್ಕೆ ಇಳಿದಾಗ ನಾನು ಎಂಬತ್ತೊಂದು ಇದ್ದೆ. ಏಣಿ ಹತ್ತಲಾಗದೆ ಅವರು ಮನೆ ಸೇರಿದರು.

ಆಪರೇಷನ್ ಮಾಡುವ ಡಾಕ್ಟರು ದೂರದವರು, ಏಳೆಂಟು ವಾರಕ್ಕೊಮ್ಮೆ ನಮ್ಮೂರ ಆಸ್ಪತ್ರೆಗೆ ಬರುತ್ತಾರೆ. ನಮ್ಮ ಮೊತ್ತದ ವಿಷಯ ಅವರಿಗೆ ಯಾರೂ ಹೇಳಿಲ್ಲ, ಹೇಳಿದ್ದರೂ ನಂಬುತ್ತಿರಲಿಲ್ಲ. ಅವರು ಇವರ ಹೊಟ್ಟೆ ಅದುಮಿ ನೋಡಿ, "ಗಡ್ಡೆ ತೆಗೀಬಹುದು. ಆದ್ರೆ ಈ ಮೈಗೆ ಅನಸ್ತೇಷಿಯಾ ಕೊಟ್ರೆ ತಡೆಯೋಲ್ಲ. ನಲವತ್ತೆರಡು ಕೇಜಿ ಆಗ್ಬೇಕು. ನಾನು ಏಳು ವಾರ ಬಿಟ್ಟು ಬರ್ತೀನಿ. ಅದರ ಮುಂದಿನ ಸಲದವರೆಗೂ ಕಾಯೋಕಾಗಲ್ಲ. ದಿನಾ ಎರಡು ಮೊಟ್ಟೆ, ತುಪ್ಪ, ಚೆನ್ನಾಗಿ ತಿನ್ನಿ" ಎಂದು ಬರೆದುಕೊಟ್ಟು ಕೈ ತೊಳೆಯಲು ಹೋದರು. ನರ್ಸು ರೆಜಿನಾ ನಮ್ಮೂರವಳೇ. ಅವಳು ನನ್ನ ಹತ್ತಿರ ಬಂದು ಮೆಲ್ಲಗೆ, "ತಾಯಕ್ಕ, ಅವ್ರು ತಿನ್ನೋದು ಇರ್ಲಿ. ನೀನು ಐದು ಕೇಜಿ ಇಳಿ" ಎಂದಳು.

ಐದು ಕೇಜಿ. ಏಳು ವಾರ. ಮನೆಗೆ ಬರುವಾಗ ದಾರಿಯುದ್ದಕ್ಕೂ ಅದನ್ನೇ ಜಪ ಮಾಡಿದೆ.

ನಮ್ಮೂರಲ್ಲಿ ಇಳಿಯುವವರಲ್ಲಿ ಎರಡು ಪಂಗಡ. ಅನ್ನ ಬಿಡುವವರು, ತುತ್ತು ಎಣಿಸುವವರು. ಎರಡೂ ಪಂಗಡದವರು ಒಂದೇ ಕಟ್ಟೆಯ ಮೇಲೆ ಕೂರುವುದಿಲ್ಲ. ಅನ್ನ ಬಿಟ್ಟವರ ಪೈಕಿ ಮುಂದಾಳು ಬೇಕರಿಯ ಜಲಜಾಕ್ಷಿ. ದಿನವಿಡೀ ಬನ್ನು ಮಾರುತ್ತಾಳೆ, ಒಂದು ಚೂರು ಬಾಯಿಗೆ ಹಾಕುವುದಿಲ್ಲ. "ಅನ್ನ, ಮುದ್ದೆ, ಚಪಾತಿ, ಬೆಲ್ಲ, ಬಾಳೆಹಣ್ಣು, ಆಲೂಗಡ್ಡೆ ಇವಿಷ್ಟು ನಿನ್ನ ಶತ್ರುಗಳು ಅಂದ್ಕೋ. ಮಿಕ್ಕಿದ್ದು ಹೊಟ್ಟೆ ತುಂಬಾ ತಿನ್ನು. ಮೊಟ್ಟೆ ತಿನ್ನು, ಪನೀರು ತಿನ್ನು, ಸೊಪ್ಪು ತಿನ್ನು. ಎಣಿಸೋ ತಲೆನೋವೇ ಇಲ್ಲ" ಎಂದಳು. ಅವಳ ಹಿಂದೆ ಗಲ್ಲಾಪೆಟ್ಟಿಗೆಗೆ ಹೊಟ್ಟೆ ಒರಗಿಸಿ ನಿಂತಿದ್ದ ಗಂಡ, "ಇವ್ಳು ಬಿಟ್ಟಿದ್ದೆಲ್ಲ ನೋಡಮ್ಮ, ಇಲ್ಲಿದೆ" ಎಂದು ಹೊಟ್ಟೆ ತಟ್ಟಿ ತೋರಿಸಿದ. ಜಲಜಾಕ್ಷಿ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಎಣಿಸುವವರ ಗುರು ಶಿವನಂಜಯ್ಯ ಮೇಷ್ಟ್ರು. ಲೆಕ್ಕ ಕಲಿಸಿ ನಿವೃತ್ತರಾದವರು. ಅವರು ಜಲಜಾಕ್ಷಿಯ ಮಾತು ಕೇಳಿ ನಕ್ಕುಬಿಟ್ಟರು. "ಅನ್ನಕ್ಕೇನು ಕೋಡು ಬಂದಿದೆಯೇನಮ್ಮ? ಅದೂ ಒಂದು ಸಂಖ್ಯೆ, ಅಷ್ಟೇ. ಒಂದು ಇಡ್ಲಿ ಐವತ್ತು ಕ್ಯಾಲೊರಿ. ಒಂದು ಚಮಚ ತುಪ್ಪ ನಲವತ್ತೈದು. ಮೊಟ್ಟೆ ಎಪ್ಪತ್ತೈದು. ನೀನು ದಿನಕ್ಕೆ ಸಾವಿರದ ಮುನ್ನೂರು ದಾಟಬೇಡ. ಅದರೊಳಗೆ ಹೋಳಿಗೆ ತಿಂದ್ರೂ ನಾನು ಕೇಳೋನಲ್ಲ." ಎಷ್ಟು ತೂಗಿ ತಿನ್ನಬೇಕೆಂದು ನಾಲ್ಕು ಹಾಳೆ ಬರೆದುಕೊಟ್ಟರು.

ಅವಳ ಮಾತು ಕೇಳುವಾಗ ಅವಳದೇ ಸರಿ ಎನ್ನಿಸಿತು. ಇವರ ಮಾತು ಕೇಳುವಾಗ ಇವರದೇ ಸರಿ. ನನ್ನ ಜೀವನದಲ್ಲಿ ಅಷ್ಟು ಸುಲಭವಾಗಿ ಎರಡು ಕಡೆಗೂ ತಲೆಯಾಡಿಸಿದ್ದು ಅದೇ ಮೊದಲು. ಕೊನೆಗೆ ಎಣಿಸುವ ಕಷ್ಟ ಬೇಡವೆಂದು ಅನ್ನ ಬಿಟ್ಟೆ.

ಮೂರನೇ ದಿನ ತಲೆ ಧಿಮ್ಮೆಂದಿತು. ಸೂಜಿಯ ಕಣ್ಣು ಎರಡೆರಡು ಕಂಡವು. ಆದರೆ ವಾರದ ಕೊನೆಗೆ ಆಸ್ಪತ್ರೆಯ ತಕ್ಕಡಿ ಹತ್ತಿದರೆ ಎಪ್ಪತ್ತೆಂಟು! ಮೂರು ಕೇಜಿ ಇಳಿದಿದ್ದೆ. ಇವರನ್ನು ಹತ್ತಿಸಿದರೆ ನಲವತ್ತು. ನಾನು ಕುಣಿಯುವುದೊಂದು ಬಾಕಿ. ರೆಜಿನಾ ನಗಲಿಲ್ಲ. ಬಗ್ಗಿ ಇವರ ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದ ಮೇಲೂ ಅಲ್ಲಿ ಗುಳಿ ಹಾಗೇ ಉಳಿಯಿತು. ಪಾದಗಳು ಊದಿ ಚಪ್ಪಲಿಯ ಪಟ್ಟಿ ಅಚ್ಚೊತ್ತಿತ್ತು. "ಬರೀ ನೀರು ತಾಯಕ್ಕ. ಅನ್ನ ಬಿಟ್ಟ ಮೊದಲನೇ ವಾರ ಇಳಿಯೋದ್ರಲ್ಲಿ ಮುಕ್ಕಾಲು ಪಾಲು ನೀರು. ನಿನ್ನ ನೀರು ಬಂದು ಇವ್ರ ಕಾಲಲ್ಲಿ ಕೂತಿದೆ. ಡಾಕ್ಟರು ಇದನ್ನ ಒಪ್ಪಲ್ಲ" ಎಂದಳು.

ಜಲಜಾಕ್ಷಿಯನ್ನು ಕೇಳಿದರೆ, "ಹೌದು, ಮೊದಲು ನೀರು, ಆಮೇಲೆ ಕೊಬ್ಬು. ಈಗ ಬಿಟ್ಟೀಯಾ ಜೋಕೆ" ಎಂದಳು. ಮೇಷ್ಟ್ರನ್ನು ಕೇಳಿದರೆ, "ನಾನು ಹೇಳಲಿಲ್ವೇ" ಎಂದರು. ಅವರು ನೀರಿನ ವಿಷಯ ಏನೂ ಹೇಳಿರಲಿಲ್ಲ. ಆದರೂ ಇವರ ಊದಿದ ಪಾದ ನೋಡಿ ನನಗೆ ಹೆದರಿಕೆಯಾಗಿತ್ತು. ಅನ್ನ ಉಂಡೆ. ಎರಡೇ ದಿನದಲ್ಲಿ ಇವರ ಕಾಲಿನ ಊತ ಇಳಿಯಿತು, ನನ್ನ ಬೆರಳಿನ ಉಂಗುರ ಬಿಗಿಯಾಯಿತು. ಇವರು ಮೂವತ್ತೇಳೂವರೆ ಕೇಜಿಗೆ ಬಂದು ನಿಂತರು.

ಎರಡನೇ ವಾರದಿಂದ ಎಣಿಕೆ. ನಾನು ಮಿಷನ್ನಿನ ಮುಂದೆ ಕೂತರೆ ಮಧ್ಯಾಹ್ನದವರೆಗೆ ಏಳುವವಳಲ್ಲ, ಅಡುಗೆ ಇವರದ್ದೇ. ಒಲೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತು, ಮೇಷ್ಟ್ರ ಹಾಳೆಯನ್ನು ಗೋಡೆಗೆ ಅಂಟಿಸಿ, ಸೊಪ್ಪನ್ನೂ ಅಕ್ಕಿಯನ್ನೂ ತೂಗಿ ತೂಗಿ ಮಾಡುತ್ತಿದ್ದರು. ಆಮೇಲೆ ಅಲ್ಲಿಂದಲೇ ಕೂಗುತ್ತಿದ್ದರು: "ಪಲ್ಯ ನೂರಾ ಹತ್ತು! ಅನ್ನ ಇನ್ನೂರು! ಮಜ್ಜಿಗೆ ಮೂವತ್ತು!" ಸಣಕಲು ಮೈಯಿಂದ ಆ ದನಿ ಹೇಗೆ ಬರುತ್ತಿತ್ತೋ. ನಾನು ಒಂದು ಅಗುಳೂ ಹೆಚ್ಚು ಮುಟ್ಟುತ್ತಿರಲಿಲ್ಲ. ಮೇಷ್ಟ್ರ ಲೆಕ್ಕದಂತೆ ವಾರಕ್ಕೆ ಮುಕ್ಕಾಲು ಕೇಜಿ ಇಳಿಯಬೇಕು. ಮೊದಲ ವಾರ ಇಳಿದದ್ದು ಇನ್ನೂರು ಗ್ರಾಮು. ಅದರ ಮುಂದಿನ ವಾರ ನೂರು.

ಮೇಷ್ಟ್ರು ಹಾಳೆ ಹರಡಿಕೊಂಡು ಮೂರು ಸಲ ಕೂಡಿದರು, ಕಳೆದರು. ಕೊನೆಗೆ ಕನ್ನಡಕ ತೆಗೆದು, "ಲೆಕ್ಕ ತಪ್ಪಿಲ್ಲ ತಾಯಮ್ಮ. ನೀನೇ ಎಲ್ಲೋ ಕದ್ದು ತಿಂತಿದ್ದೀಯ" ಎಂದರು. ಆ ಮಾತಿಗೆ ನನಗೆ ಅಳು ಬಂತು. ಅಳುವುದರ ಜೊತೆಗೆ ಅನುಮಾನವೂ ಬಂತು. ನಿಜವಾಗಿಯೂ ನನಗೆ ಗೊತ್ತಿಲ್ಲದಂತೆ ತಿನ್ನುತ್ತಿದ್ದೇನೆಯೇ? ಸೂಜಿಗೆ ಪೋಣಿಸುವ ಮುಂಚೆ ದಾರದ ತುದಿಯನ್ನು ನಾಲಿಗೆಗೆ ತಾಗಿಸುತ್ತೇನೆ. ದಿನಕ್ಕೆ ನಲವತ್ತು ಸಲ. ದಾರದಲ್ಲಿ ಎಷ್ಟು ಕ್ಯಾಲೊರಿ ಇರುತ್ತದೆ ಎಂದು ಮೇಷ್ಟ್ರನ್ನು ಕೇಳಿದೆ.

ನಾಲ್ಕನೇ ವಾರ ನಾನು ಮಾಡಿದ್ದು ಯಾವ ಪಂಗಡಕ್ಕೂ ಸೇರುವುದಲ್ಲ. ಬೆಳಗ್ಗೆ ಮೇಷ್ಟ್ರ ಕಡೆ, ಮಧ್ಯಾಹ್ನ ಜಲಜಾಕ್ಷಿಯ ಕಡೆ. ಮೊಟ್ಟೆಯನ್ನು ಎಣಿಸಿದೆ, ಅನ್ನವನ್ನು ಬಿಟ್ಟೆ, ಬಿಟ್ಟ ಅನ್ನವನ್ನೂ ಎಣಿಸಿದೆ. ರವಿಕೆ ಕೊಡಲು ಬಂದವರೆಲ್ಲ ಒಂದೊಂದು ಹೇಳಿದರು. ಒಬ್ಬಳು ಹಣ್ಣು ತಿನ್ನು ಎಂದರೆ ಇನ್ನೊಬ್ಬಳು ಹಣ್ಣೇ ಮೋಸ ಎಂದಳು. ಒಂದು ದಿನ ಯಾರದೋ ರವಿಕೆಯ ಎಡತೋಳನ್ನು ಬಲಕ್ಕೆ ಹೊಲಿದುಬಿಟ್ಟೆ. ಇವರ ತೂಕ ಮೂವತ್ತೆಂಟರ ಹತ್ತಿರ ಮೊಳೆ ಹೊಡೆದಂತೆ ನಿಂತಿತ್ತು. ಇನ್ನು ಮೂರೇ ವಾರ ಇತ್ತು. ಕ್ಯಾಲೆಂಡರ್ ಕಡೆ ನೋಡಲು ಹೆದರಿ ಅದನ್ನು ತಿರುಗಿಸಿ ತೂಗುಹಾಕಿದೆ.

ಆ ಶುಕ್ರವಾರ ಹನ್ನೊಂದು ಗಂಟೆಗೆ ಮಿಷನ್ನಿನ ಬೆಲ್ಟು ತುಂಡಾಯಿತು. ಬೇರೆ ಬೆಲ್ಟು ಅಡುಗೆಮನೆಯ ಮೇಲಿನ ಗೂಡಿನಲ್ಲಿತ್ತು. ಒಳಗೆ ಹೋದೆ. ಇವರು ನನಗೆ ಬೆನ್ನು ಹಾಕಿ ಕೂತಿದ್ದರು. ನನ್ನ ಪಲ್ಯದ ಬಟ್ಟಲಿಗೆ ತುಪ್ಪ ಸುರಿಯುತ್ತಿದ್ದರು. ಚಮಚದಲ್ಲಲ್ಲ, ಸೌಟಿನಲ್ಲಿ. ಪಕ್ಕದಲ್ಲಿ ಹುರಿದ ಕಡಲೆಬೀಜದ ಪುಡಿ. ಅದನ್ನೂ ಹಾಕಿ ಸೊಪ್ಪಿನೊಳಗೆ ಕಾಣದಂತೆ ಕಲೆಸಿದರು. ಆಮೇಲೆ ಡಾಕ್ಟರು ಅವರಿಗೇ ಎಂದು ಬರೆದುಕೊಟ್ಟ ಎರಡು ಮೊಟ್ಟೆಯ ಹಳದಿಯನ್ನು ಬೆರಳಲ್ಲಿ ಹಿಸುಕಿ ಅದಕ್ಕೇ ಸೇರಿಸಿದರು. ಎಲ್ಲ ಮುಗಿಸಿ, ನಾನು ಹಿಂದೆ ನಿಂತದ್ದು ತಿಳಿಯದೆ, ತಿರುಗದೆಯೇ ಕೂಗಿದರು: "ಪಲ್ಯ ನೂರಾ ಹತ್ತು!"

ನಾನು ಸೌಟು ಕಿತ್ತುಕೊಂಡೆ. "ಏನ್ರೀ ಇದು?"

ಅವರು ಮೊದಲು ಬೆಚ್ಚಿದರು. ಆಮೇಲೆ ಕೈ ಒರೆಸಿಕೊಂಡು, ಸಿಕ್ಕಿಬಿದ್ದವರ ಹಾಗಲ್ಲದೆ, ಬಹಳ ದಿನದಿಂದ ಹೇಳಬೇಕೆಂದಿದ್ದವರ ಹಾಗೆ ಹೇಳಿದರು. "ಕೂತ್ಕೋ ತಾಯಿ. ಆ ಟೇಬಲ್ ಮೇಲೆ ಮಲಗಿದೋನು ನಾನು ಏಳ್ತೀನೋ ಇಲ್ವೋ. ಹೋದ್ರೆ ನನ್ನ ಮೈಮೇಲಿರೋದೆಲ್ಲ ನನ್ನ ಜೊತೆ ಹೋಗುತ್ತೆ. ಮೂವತ್ತೇಳು ಹೋಗ್ಲಿ. ನಿಂದ್ಯಾಕೆ ಐದು ಕೇಜಿ ಹೊತ್ಕೊಂಡು ಹೋಗ್ಲಿ? ಸಿದ್ಧಮ್ಮನ್ನ ದಿನಾ ನೋಡ್ತೀನಿ. ಗೋಡೆ ಹಿಡ್ಕೊಂಡು ಬರ್ತಾಳೆ. ನೀನು ಒಬ್ಬಳೇ ಮಿಷನ್ ತುಳೀಬೇಕಾಗುತ್ತೆ, ಕಾಲಲ್ಲಿ ಕಸುವು ಬೇಡ್ವ? ನಿನ್ನ ಮೈಮೇಲಿದ್ರೆ ಉಳಿಯುತ್ತೆ. ನನ್ನ ಮೈಮೇಲಿದ್ರೆ ಸುಟ್ಟು ಹೋಗುತ್ತೆ."

ನಾಲ್ಕು ವಾರ ಹಸಿದದ್ದು, ತಲೆನೋವು, ಮೇಷ್ಟ್ರ ಕೈಲಿ ಕಳ್ಳಿ ಅನ್ನಿಸಿಕೊಂಡದ್ದು ಎಲ್ಲ ಒಟ್ಟಿಗೆ ಎದೆಗೆ ಬಂತು. ಮೂವತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಅವರನ್ನು ಏಕವಚನದಲ್ಲಿ ಮಾತಾಡಿಸಿದವಳಲ್ಲ. ಅವತ್ತು ಬಾಯಿ ಅದಾಗಿಯೇ ತಿರುಗಿತು.

"ನಂದು ಅಂತ ಯಾರಯ್ಯ ಹೇಳಿದ್ದು ನಿಂಗೆ? ನಾನು ಐವತ್ತಾರು ಇದ್ದೋಳು. ಮೇಲಿನ ಇಪ್ಪತ್ತೈದು ಕೇಜಿ ಯಾರದ್ದು? ಎರಡು ವರ್ಷದಿಂದ ನಿನ್ನ ತೊಡೆ ನನ್ನ ತೊಡೆ ಮೇಲಿದೆ. ಏಣಿ ಹತ್ತುತಿದ್ದ ನಿನ್ನ ಭುಜ ನನ್ನ ತೋಳಲ್ಲಿದೆ. ಮೊಣಕಾಲು ಸವೆಯೋ ಹಾಗೆ ನಿನ್ನ ಹೊತ್ಕೊಂಡು ತಿರುಗ್ತಿದೀನಿ. ನಂಗೆ ನೀನು ಹೀಗೆ ಬೇಡ. ಸ್ಟೂಲಿನ ಮೇಲೆ ಕೂತಿರೋನು ಬೇಕು. ತಗೋ, ನಿಂದು ನೀನು ತಗೋ."

ಅವರು ತಲೆ ಬಗ್ಗಿಸಿಕೊಂಡು ತಮ್ಮ ಕೈ ನೋಡಿದರು, ಆಮೇಲೆ ನನ್ನ ತೋಳು ನೋಡಿದರು. ನೋಡುತ್ತ ನೋಡುತ್ತ ಕಣ್ಣು ತುಂಬಿಕೊಂಡಿತು. ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡು ಆ ಪಲ್ಯವನ್ನು ತಾವೇ ತಿನ್ನತೊಡಗಿದರು. ಅರ್ಧ ತಿಂದ ಮೇಲೆ ಕೇಳಿದರು: "ಹಾಗಾದ್ರೆ ನಾಳೆಯಿಂದ ನಿಂಗೇನು ಮಾಡ್ಲಿ? ಅನ್ನ ಬಿಡೋದೋ, ಎಣಿಸೋದೋ?"

"ನಂಗೊತ್ತಿಲ್ಲ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಎಣಿಸಿದ ವಾರಗಳೆಲ್ಲ ತುಪ್ಪದಲ್ಲಿ ಮುಳುಗಿದ್ದವು, ಅನ್ನ ಬಿಟ್ಟ ವಾರ ನೀರಿನಲ್ಲಿ. ಒಂದು ತಿಂಗಳು ಕಳೆದರೂ ಎರಡರಲ್ಲಿ ಯಾವುದನ್ನೂ ನಾನು ಸರಿಯಾಗಿ ಮಾಡಿಯೇ ಇರಲಿಲ್ಲ. ಯಾವುದರ ಮೇಲೆ ಸಿಟ್ಟು ಮಾಡಲಿ?

ಮುಂದಿನ ಮೂರು ವಾರ ಅವರು ಮಾಡಿಕೊಟ್ಟದ್ದನ್ನು ತಿಂದೆ. ಮುದ್ದೆ ಇರಲಿಲ್ಲ, ಮಧ್ಯಾಹ್ನ ಒಂದು ಹಿಡಿ ಅನ್ನ ಇತ್ತು. ಅವರು ತೂಗುತ್ತಿದ್ದರು, ಆದರೆ ಮೇಷ್ಟ್ರ ಹಾಳೆ ಎಣ್ಣೆ ಹಿಡಿದು ಅರ್ಧ ಓದಲು ಬರುತ್ತಿರಲಿಲ್ಲ. ಊಟಕ್ಕೆ ನನ್ನ ಎದುರೇ ಕೂತು ತಮ್ಮ ಮೊಟ್ಟೆಗಳನ್ನು ತೋರಿಸಿ ತೋರಿಸಿ ತಿನ್ನುತ್ತಿದ್ದರು. ಹಸಿವಾದಾಗ ಬೀದಿಯಲ್ಲಿ ಒಂದು ಸುತ್ತು ಹಾಕಿ ಬರುತ್ತಿದ್ದೆ. ಬೇಕರಿಯ ಮುಂದೆ ಜಲಜಾಕ್ಷಿ ನನ್ನ ಸೊಂಟ ನೋಡಿ, "ಮುದ್ದೆ ಬಿಟ್ಟೆ ಅಲ್ವ? ನಾನು ಹೇಳಲಿಲ್ವ?" ಎಂದರೆ, ಮುಂದಿನ ತಿರುವಿನಲ್ಲಿ ಮೇಷ್ಟ್ರು, "ಎಣಿಸ್ತಿದ್ದೀಯ ತಾನೇ? ಸಂಖ್ಯೆ ಸುಳ್ಳು ಹೇಳಲ್ಲ" ಎನ್ನುತ್ತಿದ್ದರು. ಇಬ್ಬರಿಗೂ ಹೂಂ ಎಂದೆ. ಇವರು ಮೂವತ್ತೊಂಬತ್ತಾದರು, ನಲವತ್ತಾದರು. ಕೆನ್ನೆಯ ಮೂಳೆಯ ಮೇಲೆ ತೆಳ್ಳಗೆ ಏನೋ ಬಂದು ಕೂತಂತಿತ್ತು. ಆರನೇ ವಾರದ ಕೊನೆಗೆ ನನ್ನ ಹಳೆಯ ರವಿಕೆಯೊಂದು ಮೈಗೆ ಹತ್ತಿತು. ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಾಗ ಚೆಂದ ಕಾಣುತ್ತಿದ್ದೇನೆ ಎಂಬ ಯೋಚನೆಯೇ ಬರಲಿಲ್ಲ. ಈ ಮೈಯಿಂದ ಇಳಿದದ್ದು ಅವರಿಗೆ ಸಾಕಾದೀತೇ ಎಂದು ಮಾತ್ರ ನೋಡಿದೆ.

ಡಾಕ್ಟರು ಬಂದ ದಿನ ಇವರು ನಲವತ್ತೊಂದು ಕೇಜಿ ಏಳುನೂರು ಗ್ರಾಮು. ಮುನ್ನೂರು ಗ್ರಾಮು ಕಡಿಮೆ. ಡಾಕ್ಟರು ಮುಳ್ಳು ನೋಡಿದರು. ಬಗ್ಗಿ ಅವರ ಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಗುಳಿ ಬೀಳಲಿಲ್ಲ. ತೋಳಿನ ಮಾಂಸ ಹಿಡಿದು ನೋಡಿದರು. "ಸಾಕು. ನಾಳೆ ಬೆಳಗ್ಗೆ ಮಾಡೋಣ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಚೆನ್ನಾಗಿ ನೋಡ್ಕೊಂಡಿದೀರಮ್ಮ. ಯಾವ ಡಯಟ್ ಕೊಟ್ರಿ ಇವರಿಗೆ?" ಎಂದರು. ಬಾಯಿ ತೆರೆದೆ. ಯಾವುದು ಎಂದು ಹೇಳಲಿ? ಇವರಿಗೆ ಕೊಟ್ಟದ್ದಲ್ಲ, ನಾನು ಬಿಟ್ಟದ್ದು ಎಂದು ಹೇಗೆ ಹೇಳಲಿ? ರೆಜಿನಾ, "ಮನೆ ಊಟ ಸಾರ್" ಎಂದು ನನ್ನನ್ನು ಪಾರುಮಾಡಿದಳು.

ಮರುದಿನ ಒಂಬತ್ತಕ್ಕೆ ಅವರನ್ನು ಒಳಗೆ ಕರೆದುಕೊಂಡು ಹೋದರು. ಸ್ಟ್ರೆಚರಿನ ಮೇಲಿಂದ ನನ್ನ ಕೈ ಹಿಡಿದು, "ಎಲ್ಲ ಹೊತ್ಕೊಂಡು ಹೋಗ್ತಿದೀನಿ ತಾಯಿ. ತಪ್ಪು ತಿಳ್ಕೋಬೇಡ" ಎಂದರು. ನಾನು, "ಹೊತ್ಕೊಂಡೇ ವಾಪಸ್ ಬಾ" ಎಂದೆ. ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನಲ್ಲಿ ನಾನು, ಪಕ್ಕದಲ್ಲಿ ಆಸ್ಪತ್ರೆಯ ಆಯಾ ಕಾಳಮ್ಮ. ಹತ್ತು ಗಂಟೆಯಾಯಿತು. ಹನ್ನೊಂದಾಯಿತು. ಒಳಗಿನಿಂದ ಒಂದು ಸದ್ದೂ ಇಲ್ಲ. ಇದ್ದಕ್ಕಿದ್ದಂತೆ ನನಗೊಂದು ಯೋಚನೆ ಬಂತು. ಅವರು ಹೋಗಿಬಿಟ್ಟರೆ ನನ್ನ ಮೈಗೆ ಏನೂ ತಿಳಿಯುವುದಿಲ್ಲ. ನಾನು ಇದ್ದಷ್ಟೇ ಇರುತ್ತೇನೆ. ಎಪ್ಪತ್ತಾರು ಕೇಜಿ ಮುನ್ನೂರು ಗ್ರಾಮು, ಇನ್ನು ಯಾರಿಗೂ ಸಂಬಂಧವಿಲ್ಲದ ಮೈ. ಬಹುಶಃ ಈಗಾಗಲೇ ಹಾಗಾಗಿದೆಯೋ ಏನೋ ಎಂದು ಸುಮ್ಮನೆ ನನ್ನ ಅಂಗೈಗಳನ್ನು ನೋಡುತ್ತ ಕೂತೆ.

ಹನ್ನೊಂದೂವರೆಯ ಹೊತ್ತಿಗೆ ನನ್ನ ಲಂಗದ ಲಾಡಿ ಬಿಗಿಯಾಯಿತು.

ಮೊದಲು ಕೂತ ಭಂಗಿಯೇ ಸರಿಯಿಲ್ಲವೇನೋ ಎಂದುಕೊಂಡು ನೆಟ್ಟಗೆ ಕೂತೆ. ಇಲ್ಲ, ಇನ್ನೂ ಬಿಗಿಯಾಯಿತು. ಸೊಂಟದ ಸುತ್ತ ಯಾರೋ ಒಳಗಿನಿಂದ ತುಂಬುತ್ತಿದ್ದಂತೆ. ಬೆಳಗಿನಿಂದ ನೀರೂ ಕುಡಿದಿರಲಿಲ್ಲ. ಎದ್ದು ಓಡಿಹೋಗಿ ಪಡಸಾಲೆಯ ಮೂಲೆಯಲ್ಲಿದ್ದ ತಕ್ಕಡಿ ಹತ್ತಿದೆ. ಮುಳ್ಳು ತೂಗಾಡಿ ನಿಂತಿತು. ಎಪ್ಪತ್ತೇಳು ಕೇಜಿ ಒಂಬೈನೂರು ಗ್ರಾಮು. ನನ್ನ ಕಣ್ಣನ್ನೇ ನಂಬದೆ, "ಕಾಳಮ್ಮ, ಬಾ, ಇಲ್ಲಿ ನೋಡು" ಎಂದು ಕೂಗಿದೆ.

ಕಾಳಮ್ಮ ಬಂದು ಮುಳ್ಳಿಗೆ ಮೂಗು ತಾಗುವಷ್ಟು ಬಗ್ಗಿದಳು. "ಬೆಳಗ್ಗೆ ಎಷ್ಟಿದ್ದೆ?"

"ಎಪ್ಪತ್ತಾರು ಮುನ್ನೂರು."

ಅವಳು ತುಟಿಯಲ್ಲೇ ಕಳೆದಳು. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡಳು. "ಗಡ್ಡೆ ತೆಗೆದ್ರು ಕಣವ್ವ. ಅವನಿಂದ ಇಳೀತು, ನಿಂಗೆ ಬಂತು. ಸತ್ತೋರ ಮೈಯಿಂದ ಏನೂ ದಾಟಲ್ಲ. ನಿನ್ನ ಗಂಡ ಬದುಕವ್ನೆ."

ನಾನು ತಕ್ಕಡಿಯಿಂದ ಇಳಿಯಲಿಲ್ಲ. ಅಲ್ಲೇ ನಿಂತು, ಸೊಂಟಕ್ಕೆ ಹೊಸದಾಗಿ ಬಂದ ಆ ಮಾಂಸವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ದೊಡ್ಡ ದನಿಯಲ್ಲಿ ಅತ್ತೆ. ಏಳು ವಾರ ಒಂದೊಂದು ಗ್ರಾಮಿಗೂ ಹೋರಾಡಿದವಳು ನಾನು. ಒಂದೇ ಗಳಿಗೆಯಲ್ಲಿ ದಪ್ಪಗಾದೆ, ಅಷ್ಟು ಸಂತೋಷ ನನಗೆ ಹುಟ್ಟಿದಾರಭ್ಯ ಆಗಿರಲಿಲ್ಲ. ಬಹಳ ಹೊತ್ತಿನ ಮೇಲೆ ಡಾಕ್ಟರು ಟೋಪಿ ತೆಗೆಯುತ್ತ ಹೊರಗೆ ಬಂದರು. ಅಳುತ್ತ ನಿಂತ ನನ್ನನ್ನು ನೋಡಿ ಗಾಬರಿಯಾಗಿ, "ಅಳಬೇಡಿಯಮ್ಮ, ಚೆನ್ನಾಗಿದ್ದಾರೆ. ಗಡ್ಡೆ ಪೂರ್ತಿ ಬಂತು. ನಾನಂದುಕೊಂಡಿದ್ದಕ್ಕಿಂತ ದೊಡ್ಡದೇ ಇತ್ತು" ಎಂದರು.

"ಗೊತ್ತು ಸಾರ್" ಎಂದೆ. "ಒಂದು ಕೇಜಿ ಆರುನೂರು."